ಓದಲು ಬಾರದ ಭಾಷೆಯ ಗೇಮ್ ತರಿಸುವುದು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೆಚ್ಚಿನ ಮಾತು ಜಪಾನಿನ ಗೇಮ್‌ಗಳದ್ದು. ನಮ್ಮ ಕಡೆಯವರು ಹೊರದೇಶದಿಂದ ತರಿಸಲು ಕೇಳುವುದು ಬಹುಪಾಲು ಅವನ್ನೇ. ಕೊರಿಯಾ, ಹಾಂಗ್‌ಕಾಂಗ್‌ನಿಂದ ತರಿಸುವವರಿಗೂ ರೀಜನ್ (ಆಟ ಯಾವ ದೇಶಕ್ಕೆ ಮಾಡಿದ್ದು), ಸುಂಕ, ಕರೆಂಟು ಇವುಗಳ ಉತ್ತರ ಹೊಂದುತ್ತದೆ. ಭಾಷೆ ಬಾರದು ಎಂಬ ಅಂಜಿಕೆ ಎಲ್ಲರಿಗೂ ಮೊದಲು ಬರುತ್ತದೆ. ಆದರೆ ದುಡ್ಡು ಹಾಳಾಗುವ ಜಾಗಗಳು ಬೇರೆಯೇ ಇವೆ: ತಪ್ಪು ರೀಜನ್, ತಪ್ಪು ಅಡಾಪ್ಟರ್, ಲೆಕ್ಕಕ್ಕೆ ಹಿಡಿಯದ ಸುಂಕ, ಓದದೆ ಒತ್ತಿದ ಒಂದು 'ಹೌದು'.

ಜಪಾನಿ ಅಕ್ಷರ ಒಂದೂ ಬರೂದಿಲ್ರಿ. ತರಿಸಿದ್ರ ಆಡಾಕ ಆಗ್ತೈತೇನು?

ಯಾವ ಜಾತಿಯ ಆಟ ಎಂಬುದರ ಮೇಲೆ ಹೋಗುತ್ತದೆ. ವಿಮಾನ ಹಾರಿಸಿ ಗುಂಡು ಹೊಡೆಯುವ ಆಟ, ಕುಸ್ತಿಯಂಥ ಫೈಟಿಂಗ್, ರೇಸ್, ಜಿಗಿದು ಓಡುವ ಆಟ, ಬಣ್ಣ ಜೋಡಿಸುವ ಪಜಲ್, ತಾಳಕ್ಕೆ ತಕ್ಕಂತೆ ಒತ್ತುವ ಆಟ, ಇವಕ್ಕೆಲ್ಲ ಭಾಷೆ ಬಹುತೇಕ ಬೇಡ. ಹಳೆಯ ಆರ್ಕೇಡ್ ಆಟಗಳಲ್ಲಿ ಮೆನು ಇಂಗ್ಲಿಷಿನಲ್ಲೇ ಇರುವುದು ಸಾಮಾನ್ಯ. ನಿಂಟೆಂಡೊ ಡಿಎಸ್‌ಗೆ 2005ರಲ್ಲಿ ಬಂದ 'ಒಸು! ತತಕಾಯೆ! ಓಯೆಂದನ್' ಮತ್ತು ಗೇಮ್ ಬಾಯ್ ಅಡ್ವಾನ್ಸ್‌ನ 'ರಿದಮ್ ತೆಂಗೊಕು' (2006) ಜಪಾನಿನಲ್ಲಷ್ಟೇ ಬಿಡುಗಡೆಯಾದವು. ಎರಡೂ ತಾಳದ ಆಟಗಳು, ಕಿವಿ ಇದ್ದರೆ ಸಾಕು. ಮೊದಲ ಸಲ ತರಿಸುವವರು ಇಂಥದರಿಂದ ಶುರುಮಾಡಿ.

ಪಾತ್ರಗಳ ಮಾತೇ ಜೀವಾಳವಾದ ಆರ್‌ಪಿಜಿ ನಡುಮಟ್ಟದ್ದು. ಪಕ್ಕದಲ್ಲಿ ಇಂಗ್ಲಿಷ್ ಗೈಡ್ ಇಟ್ಟುಕೊಂಡರೆ ಮುಗಿಸಬಹುದು, ತಾಳ್ಮೆ ಬೇಕು. ಪರದೆ ತುಂಬ ಸಂಭಾಷಣೆಯೇ ಇರುವ ಕಥೆಯಾಟ, ಪತ್ತೇದಾರಿ ಆಟ, ರಾಜ್ಯ ಕಟ್ಟಿ ಲೆಕ್ಕ ಬರೆಯುವ ಸಿಮ್ಯುಲೇಶನ್, ಇವನ್ನು ಭಾಷೆ ಬಾರದೆ ತರಿಸಬೇಡಿ. ಆಡಿದಂತೆ ಆಗುವುದಿಲ್ಲ, ಓದಲಾಗದ ಪುಸ್ತಕದ ಹಾಳೆ ತಿರುವಿದಂತೆ ಆಗುತ್ತದೆ.

ನನ್ನ ಮಷಿನ್‌ದಾಗ ಜಪಾನಿ ಕ್ಯಾಸೆಟ್ ನಡೀತೈತೋ ಇಲ್ಲೋ, ಹೆಂಗ ತಿಳ್ಕೊಳ್ಳೂದು?

ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ರೀಜನ್ ಲಾಕ್ ಎಂದರೆ ಒಂದು ದೇಶಕ್ಕೆ ಮಾಡಿದ ಆಟ ಇನ್ನೊಂದು ದೇಶದ ಮಷಿನ್‌ನಲ್ಲಿ ನಡೆಯದಂತೆ ಕಂಪನಿಯೇ ಹಾಕಿದ ತಡೆ.

ತಡೆ ಇಲ್ಲದವು: ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್, ಡಿಎಸ್, ನಿಂಟೆಂಡೊ ಸ್ವಿಚ್, ಪಿಎಸ್‌ಪಿಯ ಆಟಗಳು, ಪಿಎಸ್ ವೀಟಾ, ಪಿಎಸ್4, ಪಿಎಸ್5 (ಪಿಎಸ್ ಎಂದರೆ ಸೋನಿಯ ಪ್ಲೇಸ್ಟೇಷನ್), ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್. ಪಿಎಸ್3ಯ ಆಟಗಳೂ ಹೆಚ್ಚುಕಡಿಮೆ ಎಲ್ಲ ನಡೆಯುತ್ತವೆ. 2012ರ 'ಪರ್ಸೋನಾ 4 ಅರೆನಾ' ಹೆಸರಾಂತ ಅಪವಾದ. ಆದರೆ ಪಿಎಸ್3ಯಲ್ಲಿ ಹಳೆಯ ಪಿಎಸ್1 ಡಿಸ್ಕ್ ಹಾಕಿದರೆ ಅದಕ್ಕೆ ಹಳೆಯ ತಡೆ ಹಾಗೇ ಉಳಿದಿದೆ.

ತಡೆ ಇರುವವು: ಪಿಎಸ್1, ಪಿಎಸ್2, ಸೆಗಾ ಸ್ಯಾಟರ್ನ್, ಡ್ರೀಮ್‌ಕ್ಯಾಸ್ಟ್, ಗೇಮ್‌ಕ್ಯೂಬ್, ವೀ, ವೀ ಯೂ, 3ಡಿಎಸ್. ಇವಕ್ಕೆ ಜಪಾನಿ ಆಟ ಬೇಕಾದರೆ ಜಪಾನಿ ಮಷಿನ್ನೇ ಬೇಕು ಎಂದು ಲೆಕ್ಕ ಹಾಕಿ. 3ಡಿಎಸ್ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಅದರಲ್ಲಿ ಡಿಎಸ್ ಕಾರ್ಡು ಬಹುತೇಕ ಯಾವ ದೇಶದ್ದಾದರೂ ಓಡುತ್ತದೆ, 3ಡಿಎಸ್ ಕಾರ್ಡು ಓಡುವುದಿಲ್ಲ. ಎರಡೂ ನೋಡಲು ಒಂದೇ ಥರ. 3ಡಿಎಸ್ ಕಾರ್ಡಿನ ಮೂಲೆಯಲ್ಲಿ ಸಣ್ಣ ಕಿವಿಯೊಂದು ಹೊರಗೆ ಚಾಚಿರುತ್ತದೆ.

ನಿಂಟೆಂಡೊದ ಹಳೆಯ ಜಪಾನಿ ಮಷಿನ್ ಸೂಪರ್ ಫ್ಯಾಮಿಕಾಮ್‌ನ ಕ್ಯಾಸೆಟ್ಟಿಗೂ ಅದರ ಅಮೆರಿಕದ ಮಷಿನ್ನಿಗೂ ಒಳಗಿನ ಬೀಗದ ಚಿಪ್ ಒಂದೇ, ಅಡ್ಡ ಬರುವುದು ಹೊರಗಿನ ಪ್ಲಾಸ್ಟಿಕ್ಕು. ಯುರೋಪಿನ ಮಷಿನ್‌ನಲ್ಲಿ ಚಿಪ್ಪೇ ಬೇರೆ.

ಸ್ವಿಚ್ 2 ಕೊಳ್ಳುವವರಿಗೆ ಒಂದು ಎಚ್ಚರ. ಜಪಾನಿನಲ್ಲಿ 2025ರ ಜೂನ್ 5ರಂದು ಎರಡು ಬಗೆಯ ಸ್ವಿಚ್ 2 ಬಂತು. ಆಗ 49,980 ಯೆನ್ ಇದ್ದದ್ದು ಜಪಾನಿ ಭಾಷೆ ಮತ್ತು ಜಪಾನಿ ಖಾತೆಗಷ್ಟೇ, 69,980 ಯೆನ್ ಇದ್ದದ್ದು ಎಲ್ಲ ಭಾಷೆಗೆ. ಅಗ್ಗದ್ದು ಕಂಡಿತೆಂದು ಮೊದಲನೆಯದನ್ನು ತರಿಸಿದರೆ ಮೆನುವನ್ನು ಇಂಗ್ಲಿಷಿಗೆ ತಿರುಗಿಸಲು ಆಗದು, ನಿಮ್ಮ ಖಾತೆಯೂ ಕೂಡುವುದಿಲ್ಲ.

ಮನ್ಯಾಗ ಹಳೇ 'ಟಿವಿ ವಿಡಿಯೊ ಗೇಮ್' ಐತ್ರಿ. ಅದಕ್ಕ ಜಪಾನಿ ಕ್ಯಾಸೆಟ್ ಕೂಡತೈತೇನು?

ಹೆಚ್ಚಿನವಕ್ಕೆ ಕೂಡುತ್ತದೆ. ತೊಂಬತ್ತರ ದಶಕದಿಂದ ನಮ್ಮ ಊರುಗಳಲ್ಲಿ ಮಾರಿದ ಆ ಅಗ್ಗದ ಮಷಿನ್ನುಗಳು ನಿಂಟೆಂಡೊದ 1983ರ ಜಪಾನಿ ಮಷಿನ್ ಫ್ಯಾಮಿಕಾಮ್‌ನ ನಕಲು. ಕ್ಯಾಸೆಟ್ ಸಿಕ್ಕಿಸುವ ಸೀಳಿನಲ್ಲಿ 60 ಪಿನ್ ಇದ್ದರೆ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್ ಅಲ್ಲಿಗೆ ಸರಿಹೊಂದುತ್ತದೆ. ಫ್ಯಾಮಿಕಾಮ್‌ಗೆ ಬೀಗದ ಚಿಪ್ ಇರಲೇ ಇಲ್ಲ. ಫ್ಯಾಮಿಕಾಮ್‌ನ ಅಮೆರಿಕದ ರೂಪವಾದ ಎನ್‌ಇಎಸ್‌ನ ಕ್ಯಾಸೆಟ್ಟಿನಲ್ಲಿ 72 ಪಿನ್, ಅದು ಕೂಡದು. ನಮ್ಮ ನಕಲು ಮಷಿನ್ನುಗಳು ಪಾಲ್ ಎಂಬ 50 ಹರ್ಟ್ಸ್‌ನ ಟಿವಿ ಪದ್ಧತಿಗೆ ಹೊಂದಿಸಿದವು, ಆದ್ದರಿಂದ ಕೆಲವು ಆಟಗಳ ವೇಗ, ಹಾಡಿನ ಲಯ ಬದಲಾಗಬಹುದು. ನಾವು ಇದನ್ನು 'ಕ್ಯಾಸೆಟ್' ಅನ್ನುತ್ತೇವೆ, ಜಪಾನಿನವರೂ 'ಕಾಸೆತ್ತೊ' ಎಂದೇ ಅನ್ನುತ್ತಾರೆ. ಹುಡುಕುವಾಗ ಆ ಮಾತೇ ಕೆಲಸಕ್ಕೆ ಬರುತ್ತದೆ.

ಜಪಾನಿ ಕಾರ್ಡಿನ್ಯಾಗ ಇಂಗ್ಲಿಷ್ ಇರ್ತೈತೇನು?

ಸ್ವಿಚ್‌ನ ಬಹಳಷ್ಟು ಕಾರ್ಡುಗಳಲ್ಲಿ ಇರುತ್ತದೆ. ಮಷಿನ್‌ನ ಭಾಷೆ ಇಂಗ್ಲಿಷ್ ಇದ್ದರೆ ಆಟವೂ ತಾನಾಗಿಯೇ ಇಂಗ್ಲಿಷಿಗೆ ಹೊರಳುತ್ತದೆ. ಡಬ್ಬಿಯ ಹಿಂದೆ ಅಥವಾ ಮಾರಾಟದ ಪುಟದಲ್ಲಿ 'ತಾಯ್ಓ ಗೆಂಗೊ', ಅಂದರೆ ಬೆಂಬಲಿಸುವ ಭಾಷೆಗಳು, ಎಂಬ ಸಾಲು ಹುಡುಕಿ. ಜಪಾನಿ ಭಾಷೆಯ ಹೆಸರು ಮೂರು ಅಕ್ಷರ, ಅದರ ಮೊದಲನೆಯದು ನಡುವೆ ಒಂದು ಅಡ್ಡಪಟ್ಟಿ ಇರುವ ಕಿಟಕಿಯಂತೆ ಕಾಣುತ್ತದೆ. ಇಂಗ್ಲಿಷ್ ಎಂಬುದು ಎರಡು ಅಕ್ಷರ. ಎರಡರ ಕೊನೆಯ ಅಕ್ಷರವೂ ಒಂದೇ, 'ಗೊ', ಅಂದರೆ ನುಡಿ. ಕಿಟಕಿಯ ಮೂರಕ್ಷರ ಒಂದೇ ಇದ್ದರೆ ಆಟ ಪೂರ್ತಿ ಜಪಾನಿ.

ಪಿಎಸ್4, ಪಿಎಸ್5ಕ್ಕೆ ಜಪಾನಿನ ಡಿಸ್ಕಿಗಿಂತ ಹಾಂಗ್‌ಕಾಂಗ್, ಸಿಂಗಪುರ ಕಡೆಯ 'ಏಷ್ಯಾ ಆವೃತ್ತಿ' ನೋಡಿ. ಅದೇ ಆಟಕ್ಕೆ ಅಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಿಗುವುದುಂಟು. ಸೂಪರ್ ಫ್ಯಾಮಿಕಾಮ್, ಪಿಎಸ್1 ಕಾಲದವುಗಳಲ್ಲಿ ಮೆನುವಿನ ಒಂದೆರಡು ಇಂಗ್ಲಿಷ್ ಪದ ಬಿಟ್ಟರೆ ಉಳಿದದ್ದು ಜಪಾನಿಯೇ.

ಎಲ್ಲಿ ಕೊಳ್ಳೂದು? ಪುಟ ಪೂರ್ತಿ ಜಪಾನಿ ಐತಿ.

ನೇರವಾಗಿ ಭಾರತಕ್ಕೆ ಕಳಿಸುವ ಅಂಗಡಿ ಸಿಕ್ಕರೆ ಅದೇ ಸುಲಭ. ಹಳೆಯ, ಅಪರೂಪದ ಕ್ಯಾಸೆಟ್ಟು ಹೆಚ್ಚಾಗಿ ಸಿಗುವುದು ಜಪಾನಿನ ಹರಾಜು ಮತ್ತು ಸೆಕೆಂಡ್ ಹ್ಯಾಂಡ್ ತಾಣಗಳಲ್ಲಿ. ಆ ಮಾರಾಟಗಾರರು ಹೊರದೇಶಕ್ಕೆ ಕಳಿಸುವುದಿಲ್ಲ, ನಡುವೆ ಒಬ್ಬ ಪ್ರಾಕ್ಸಿ ಏಜೆಂಟ್ ಬೇಕು. ಅವರು ನಿಮ್ಮ ಪರವಾಗಿ ಕೊಂಡು, ತಮ್ಮ ಗೋದಾಮಿನಲ್ಲಿಟ್ಟು, ಒಟ್ಟುಗೂಡಿಸಿ ಕಳಿಸುತ್ತಾರೆ. ಲೆಕ್ಕ ಹೀಗೆ ಕೂಡಿಸಿ: ಆಟದ ಬೆಲೆ, ಏಜೆಂಟರ ಕಮಿಷನ್, ಜಪಾನಿನೊಳಗಿನ ಸಾಗಣೆ, ಜಪಾನಿನಿಂದ ಇಲ್ಲಿಗೆ ಸಾಗಣೆ, ಆಮೇಲೆ ಇಲ್ಲಿಯ ಸುಂಕ. ಮೊದಲ ಸಾಲೊಂದನ್ನೇ ನೋಡಿ 'ಅಗ್ಗ ಐತಿ' ಎಂದುಕೊಂಡರೆ ಕೊನೆಗೆ ದುಪ್ಪಟ್ಟು ಬೀಳಬಹುದು.

ವಿವರಣೆಯನ್ನು ಅನುವಾದಕ್ಕೆ ಹಾಕಿದರೂ ಈ ಮಾತುಗಳು ಕಿವಿಗೆ ಗುರುತಿರಲಿ. 'ಶಿನ್‌ಪಿನ್' ಹೊಸದು, 'ಚೂಕೊ' ಬಳಸಿದ್ದು. 'ಸೊಫುತೊ ನೊಮಿ' ಎಂದರೆ ಡಬ್ಬಿ ಇಲ್ಲ, ಕ್ಯಾಸೆಟ್ ಮಾತ್ರ. 'ಸೆತ್ಸುಮೆಯ್‌ಶೊ ನಾಶಿ' ಎಂದರೆ ಪುಸ್ತಿಕೆ ಇಲ್ಲ. 'ದೋಸಾ ಕಾಕುನಿನ್ ಝುಮಿ' ಎಂದರೆ ನಡೆಸಿ ನೋಡಿದ್ದು, 'ಮಿಕಾಕುನಿನ್' ಬಂದರೆ ನೋಡಿಲ್ಲ. 'ಜಾನ್ಕು' ಕಂಡರೆ ಕೈ ಹಿಂದೆ ತೆಗೆಯಿರಿ: ಅದು ಕೆಟ್ಟಿರಬಹುದು, ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಒಪ್ಪಂದದ ಮೇಲೆ ಮಾರುವ ಮಾಲು. ರಿಪೇರಿ ಬಲ್ಲವರಿಗೆ ಅದು ಚಿನ್ನ, ಬೇರೆಯವರಿಗೆ ಗುಜರಿ.

ಹೊಸ ಆಟಗಳಲ್ಲಿ ಇನ್ನೊಂದು ನೋಡಿ. ಕೆಲವು ಸ್ವಿಚ್ ಡಬ್ಬಿಗಳಲ್ಲಿ ಕಾರ್ಡೇ ಇರುವುದಿಲ್ಲ, ಡೌನ್‌ಲೋಡ್ ಕೋಡ್ ಬರೆದ ಚೀಟಿ ಇರುತ್ತದೆ. ಸ್ವಿಚ್ 2ರ 'ಗೇಮ್-ಕೀ ಕಾರ್ಡ್'ನಲ್ಲಿ ಕಾರ್ಡು ಬರುತ್ತದೆ, ಆಟ ಅದರೊಳಗಿಲ್ಲ, ಇಂಟರ್ನೆಟ್‌ನಿಂದ ಇಳಿಸಬೇಕು.

ನನ್ನ ಎಟಿಎಂ ಕಾರ್ಡು ಪೇಮೆಂಟ್ ತಗೊಳವಲ್ದು.

ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರ ನಂತರ ಕೊಟ್ಟ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಎರಡನ್ನೂ ನೀವೇ ಚಾಲೂ ಮಾಡಬೇಕು, ಮಿತಿಯನ್ನೂ ಹಾಕಬೇಕು. ಕೆಲಸ ಮುಗಿದ ಮೇಲೆ ಮತ್ತೆ ಬಂದ್ ಮಾಡಿ. ದೇಶದೊಳಗಿನ ಬಳಕೆಗಷ್ಟೇ ಕೊಟ್ಟ ರುಪೇ ಕಾರ್ಡು ಜಪಾನಿನ ತಾಣಗಳಲ್ಲಿ ನಡೆಯದು. ಪೇಮೆಂಟ್ ಪುಟದಲ್ಲಿ 'ಯೆನ್ ಅಥವಾ ರೂಪಾಯಿ' ಎಂದು ಕೇಳಿದರೆ ಯೆನ್ ಆರಿಸಿ. ರೂಪಾಯಿ ಆರಿಸಿದರೆ ಅವರು ತಮ್ಮದೇ ದರ ಹಚ್ಚುತ್ತಾರೆ. ಯೆನ್ ಆರಿಸಿದರೂ ನಿಮ್ಮ ಬ್ಯಾಂಕು ವಿದೇಶಿ ವಿನಿಮಯದ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತದೆ.

ಕಸ್ಟಮ್ಸ್ ಎಷ್ಟ್ ಬೀಳತೈತ್ರಿ?

ಬಜೆಟ್ಟಿನಿಂದ ಬಜೆಟ್ಟಿಗೆ ದರ ಬದಲಾಗುತ್ತದೆ. ಆರ್ಡರ್ ಮಾಡುವ ವಾರದಲ್ಲೇ ಅಂದಿನ ದರ ನೋಡಿಕೊಳ್ಳಿ. ಲೆಕ್ಕದ ರೀತಿ ಮಾತ್ರ ಬದಲಾಗದು. ಆಟದ ಬೆಲೆ 4,000 ರೂಪಾಯಿ, ಸಾಗಣೆ 800 ಎಂದಿಟ್ಟುಕೊಳ್ಳಿ. ಸುಂಕ ಬೀಳುವುದು 4,800ರ ಮೇಲೆ, 4,000ದ ಮೇಲಲ್ಲ. ವಿಮೆ ಮಾಡಿಸಿದ್ದರೆ ಅದೂ ಸೇರುತ್ತದೆ. ಆಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ, ಬೀಳುವುದು ಆ 4,800ಕ್ಕೆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ. ತೆರಿಗೆಯ ಮೇಲೆ ತೆರಿಗೆ, ಅದಕ್ಕೇ ಅಂದಾಜು ತಪ್ಪುತ್ತದೆ. ಸಾಗಣೆ ಏರಿದರೆ ಸುಂಕವೂ ಏರುತ್ತದೆ, ಆದರೆ ವಿಮಾನದಲ್ಲಿ ಬಂದ ಮಾಲಿಗೆ ಸಾಗಣೆಯನ್ನು ಬೆಲೆಯ 20 ಪ್ರತಿಶತದವರೆಗಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಗುರವಾದ ನಾಲ್ಕು ಕ್ಯಾಸೆಟ್ಟನ್ನು ಒಂದೇ ಪೊಟ್ಟಣದಲ್ಲಿ ತರಿಸುವುದು ನಾಲ್ಕು ಸಲ ತರಿಸುವುದಕ್ಕಿಂತ ಲೇಸು.

ಖಾಸಗಿ ಕೊರಿಯರ್‌ನಲ್ಲಿ ತೂಕದ ಬದಲು ಡಬ್ಬಿಯ ಗಾತ್ರ ಹಿಡಿಯುವುದುಂಟು: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 40×30×20ರ ಡಬ್ಬಿ ಖಾಲಿ ಇದ್ದರೂ 4.8 ಕಿಲೊ. ಮಷಿನ್ ತರಿಸುವಾಗ ದೊಡ್ಡ ರಟ್ಟಿನ ಡಬ್ಬಿ ನಿಜಕ್ಕೂ ಬೇಕೇ ಎಂದು ಯೋಚಿಸಿ.

'ಗಿಫ್ಟ್' ಅಂತ ಬರಸಿದ್ರ ಸುಂಕ ತಪ್ಪತೈತಿ ಅಂತಾರಲ್ಲ?

ತಪ್ಪುವುದಿಲ್ಲ. 2019ರ ಡಿಸೆಂಬರ್‌ನಿಂದ ಆ ದಾರಿ ಮುಚ್ಚಿದೆ. ಜೀವರಕ್ಷಕ ಔಷಧ ಮತ್ತು ರಾಖಿ ಬಿಟ್ಟರೆ ಉಡುಗೊರೆ ಹೆಸರಿನ ಪಾರ್ಸಲ್ಲಿಗೆ ವಿನಾಯಿತಿ ಇಲ್ಲ. ಬೆಲೆ ಕಡಿಮೆ ಬರೆಸುವುದೂ ಬೇಡ. ಅಧಿಕಾರಿಗಳು ಆನ್‌ಲೈನ್ ಬೆಲೆ ನೋಡಿ ಮರುಲೆಕ್ಕ ಹಾಕಬಹುದು, ದಂಡವೂ ಬೀಳಬಹುದು. ಪೊಟ್ಟಣ ಕಳೆದರೆ ವಿಮೆ ಸಿಗುವುದು ಬರೆಸಿದ ಬೆಲೆಗಷ್ಟೇ. ಅಶ್ಲೀಲ ಚಿತ್ರಗಳ ಆಟ ಸಿಕ್ಕರೆ ಸುಂಕದ ಮಾತೇ ಇಲ್ಲ, ಮಾಲು ಮುಟ್ಟುಗೋಲು. ಡಬ್ಬಿಯ ಮೂಲೆಯ ಸೆರೊ ಗುರುತು ನೋಡಿ: ಎ ಎಲ್ಲರಿಗೆ, ಬಿ 12, ಸಿ 15, ಡಿ 17, ಝಡ್ 18 ವರ್ಷ ದಾಟಿದವರಿಗೆ. ಮಕ್ಕಳಿಗೆ ತರಿಸುವವರಿಗೂ ಇದೇ ಅಳತೆಗೋಲು.

ಪಾರ್ಸಲ್ ಅಲ್ಲೇ ನಿಂತೈತ್ರಿ, ಮುಂದ ಸರೀವಲ್ದು.

ಜಪಾನ್ ಅಂಚೆಯ ಇಎಂಎಸ್ (ವಿದೇಶಿ ಸ್ಪೀಡ್ ಪೋಸ್ಟ್) ನಂಬರಿನಲ್ಲಿ ಇ ಇಂದ ಶುರುವಾಗುವ ಎರಡು ಅಕ್ಷರ, 9 ಅಂಕಿ, ಕೊನೆಗೆ 'ಜೆಪಿ' ಇರುತ್ತದೆ. ಅದೇ ನಂಬರನ್ನು ಭಾರತೀಯ ಅಂಚೆಯ ತಾಣದಲ್ಲೂ ಹಾಕಿ ನೋಡಬಹುದು. ಪೊಟ್ಟಣ ಮೊದಲು ದೊಡ್ಡ ಊರಿನ ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಮುಂದೆ ಕೂರುತ್ತದೆ, ಆಮೇಲೆ ನಿಮ್ಮೂರಿಗೆ. ಅಂಚೆಯಲ್ಲಿ ಬಂದರೆ ಸುಂಕವನ್ನು ಪೊಟ್ಟಣ ಬಿಡಿಸಿಕೊಳ್ಳುವಾಗ ಕಟ್ಟಬಹುದು. ಕೊರಿಯರ್‌ನಲ್ಲಿ ಬಂದರೆ ಮೊದಲೇ ಕೆವೈಸಿ ಕೇಳುತ್ತಾರೆ. ಆಧಾರ್ ಅಥವಾ ಪಾಸ್‌ಪೋರ್ಟ್, ಬಿಲ್ಲು, ಹಣ ಕಟ್ಟಿದ ದಾಖಲೆ, ಮಾರಾಟದ ಪುಟದ ಸ್ಕ್ರೀನ್‌ಶಾಟ್, ಇವನ್ನು ಆರ್ಡರ್ ಮಾಡಿದ ದಿನವೇ ಒಂದು ಫೋಲ್ಡರ್‌ನಲ್ಲಿ ಇಟ್ಟುಬಿಡಿ. ಬಿಲ್ಲಿನ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ಅಣ್ಣನ ಕಾರ್ಡು, ತಮ್ಮನ ವಿಳಾಸ ಎಂದರೆ ನಿಲ್ಲುವುದೇ.

ವಿಳಾಸದಲ್ಲಿ ಊರಿನ ಹೆಸರು ನೋಡಿ. 2014ರ ನವೆಂಬರ್ 1ರಿಂದ ನಮ್ಮದು ಅಧಿಕೃತವಾಗಿ ಹುಬ್ಬಳ್ಳಿ, ಆದರೂ ಹೊರದೇಶದ ಪಟ್ಟಿಗಳಲ್ಲಿ 'ಹುಬ್ಲಿ' ಎಂಬ ಹಳೆಯ ಕಾಗುಣಿತವೇ ಇರುವುದುಂಟು. ಪಟ್ಟಿಯಲ್ಲಿ ಸಿಕ್ಕಿದ್ದನ್ನು ಆರಿಸಿ, ಪಿನ್‌ಕೋಡ್ ಸರಿ ಹಾಕಿ. ಪ್ರಧಾನ ಅಂಚೆ ಕಚೇರಿಯದು ಹುಬ್ಬಳ್ಳಿಗೆ 580020, ಧಾರವಾಡಕ್ಕೆ 580001, ಗದಗಕ್ಕೆ 582101, ಹಾವೇರಿಗೆ 581110. ನಿಮ್ಮ ಓಣಿಯದು ಬೇರೆ ಇದ್ದರೆ ಅದನ್ನೇ ಬರೆಯಿರಿ. ಮೊಬೈಲ್ ನಂಬರಿಗೆ ಮೊದಲು +91 ಹಚ್ಚಿ.

'ಕಸ್ಟಮ್ಸ್‌ನಿಂದ ಮಾತಾಡ್ತಿದೀನಿ, ಈ ಯುಪಿಐಗೆ ಹಾಕಿ' ಎಂದು ಫೋನ್ ಬಂದರೆ ಹಾಕಬೇಡಿ. ಕಸ್ಟಮ್ಸ್ ಯಾರ ಸ್ವಂತ ಯುಪಿಐಗೂ ಸುಂಕ ಕಟ್ಟಿಸಿಕೊಳ್ಳುವುದಿಲ್ಲ. ಅವರ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಕಸ್ಟಮ್ಸ್ ನಡೆಸುವ ಕೇಂದ್ರ ಮಂಡಳಿಯಾದ ಸಿಬಿಐಸಿಯ ತಾಣದಲ್ಲಿ ನೋಡಬಹುದು.

ಜಪಾನಿ ಮಷಿನ್ ನಮ್ಮ ಕರೆಂಟಿಗೆ ಹಚ್ಚಬಹುದೇನು?

ಮೊದಲು ಅಡಾಪ್ಟರಿನ ಮೇಲಿನ ಚೀಟಿ ಓದಿ. ಜಪಾನಿನ ಮನೆಗಳಲ್ಲಿ 100 ವೋಲ್ಟ್, ನಮ್ಮಲ್ಲಿ 230. 'ಇನ್‌ಪುಟ್ 100-240' ಎಂದಿದ್ದರೆ ಪಿನ್ ಬದಲಿಸುವ ಸಣ್ಣ ಕನ್ವರ್ಟರ್ ಸಾಕು. ಸ್ವಿಚ್‌ನ ಅಡಾಪ್ಟರ್ ಇಂಥದ್ದು. ಚಪ್ಪಟೆ ಎರಡು ಪಿನ್ನನ್ನು ನಮ್ಮ ದುಂಡು ತೂತಿನ ಬೋರ್ಡಿಗೆ ಹೇಗೋ ತುರುಕಬೇಡಿ. ಸಡಿಲಾಗಿ ಕಿಡಿ ಹಾರುತ್ತದೆ, ಕಾಯುತ್ತದೆ.

'100 ವೋಲ್ಟ್' ಎಂದಷ್ಟೇ ಇದ್ದರೆ 230ಕ್ಕೆ ಹಚ್ಚಿದ ಕೂಡಲೇ ಸುಡುತ್ತದೆ. ಜಪಾನಿನ ಮೊದಲ ಪಿಎಸ್1, ದಪ್ಪ ಪಿಎಸ್2ಗಳಲ್ಲಿ ಪವರ್ ಸಪ್ಲೈ ಒಳಗೇ ಇದೆ, ಅವು 100 ವೋಲ್ಟಿನವು. ಇವಕ್ಕೆ 230ರಿಂದ 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 100 ವಿಎ ಸಾಮರ್ಥ್ಯದ್ದು ಧಾರಾಳ. ಅಂಗಡಿಯಲ್ಲಿ 110ರದ್ದು ಕೊಡಲು ನೋಡುತ್ತಾರೆ, 100ರದ್ದೇ ಕೇಳಿ. ಹರ್ಟ್ಸ್ ಬಗ್ಗೆ ಚಿಂತೆ ಬೇಡ. ಪೂರ್ವ ಜಪಾನಿನಲ್ಲೂ ನಮ್ಮ ಹಾಗೇ 50 ಹರ್ಟ್ಸ್.

ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್‌ಗೆ ಇನ್ನೂ ಸುಲಭದ ದಾರಿಯಿದೆ. ಅವುಗಳ ಎಚ್‌ವಿಸಿ-002 ಅಡಾಪ್ಟರ್ ಕೊಡುವುದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ನಡುವಿನ ತುದಿ ಮೈನಸ್. ಅದನ್ನು ಬದಿಗಿಟ್ಟು ಇಲ್ಲೇ 9 ವೋಲ್ಟ್, 1 ಆಂಪ್, 5.5×2.1 ಮಿಲಿಮೀಟರ್ ಪಿನ್ನಿನ, ನಡುವೆ ಮೈನಸ್ ಇರುವ ಅಡಾಪ್ಟರ್ ಕೊಳ್ಳಿ. ಅಂಗಡಿಯವರು ರೌಟರ್ ಅಥವಾ ಸಿಸಿಟಿವಿಯ 12 ವೋಲ್ಟಿನದು ಕೊಡುತ್ತಾರೆ, ಅದು ತೂತಿಗೆ ಚೆನ್ನಾಗಿಯೇ ಕೂಡುತ್ತದೆ. ಆದರೆ ಅದರಲ್ಲಿ ನಡುವಿನದು ಪ್ಲಸ್. ಅಲ್ಲೇ ಮಷಿನ್ ಹೋಗುವುದು. ಗಿಟಾರ್ ಪೆಡಲ್‌ನ ಅಡಾಪ್ಟರುಗಳು ಸಾಮಾನ್ಯವಾಗಿ 9 ವೋಲ್ಟ್, ನಡುವೆ ಮೈನಸ್. ಧಾರವಾಡದಂಥ ಸಂಗೀತದ ಊರಲ್ಲಿ ವಾದ್ಯದ ಅಂಗಡಿ ಸಿಗದೆ ಇರದು, ಅಲ್ಲಿ ಕೇಳಿ. ಆಂಪ್ 1ಕ್ಕೆ ಕಡಿಮೆ ಇರದಂತೆ ನೋಡಿಕೊಳ್ಳಿ, ಮೀಟರ್ ಹಿಡಿದು ಪ್ಲಸ್-ಮೈನಸ್ ಅಳೆದೇ ಹಚ್ಚಿ.

ಟಿವಿಯಾಗ ಚಿತ್ರ ಕಪ್ಪು-ಬಿಳಿ ಬರಾಕತ್ತೈತಿ, ಉರುಳತೈತಿ.

ಹಳೆಯ ಜಪಾನಿ ಮಷಿನ್ ಕೊಡುವುದು ಎನ್‌ಟಿಎಸ್‌ಸಿ ಎಂಬ ಬೇರೆ ಟಿವಿ ಪದ್ಧತಿಯ ಚಿತ್ರ. ಪಾಲ್ ಒಂದನ್ನೇ ಬಲ್ಲ ಹಳೆಯ ಟಿವಿಯಲ್ಲಿ ಹೀಗಾಗುತ್ತದೆ. ಮೆನುವಿನಲ್ಲಿ 'ಕಲರ್ ಸಿಸ್ಟಮ್' ಇದ್ದರೆ ಆಟೊ ಅಥವಾ ಎನ್‌ಟಿಎಸ್‌ಸಿ ಮಾಡಿ. ಎಲ್‌ಇಡಿ ಟಿವಿಗಳು ಹೆಚ್ಚಾಗಿ ತಾವೇ ಗುರುತಿಸುತ್ತವೆ. ಮೊದಲ ಕಾಲದ ಫ್ಯಾಮಿಕಾಮ್ ಮಾತ್ರ ಬೇರೆ. ಅದು ಆ್ಯಂಟೆನಾ ತಂತಿಯಿಂದ ಜಪಾನಿನ 1-2ನೇ ಚಾನೆಲ್ಲಿಗೆ ಚಿತ್ರ ಕಳಿಸುತ್ತದೆ, ಆ ತರಂಗಾಂತರ ನಮ್ಮ ಟಿವಿಯ ಚಾನೆಲ್ಲುಗಳಿಗೆ ತಾಳೆಯಾಗದು. 1993ರ ಎವಿ ಫ್ಯಾಮಿಕಾಮ್ ಕೊಳ್ಳಿ, ಇಲ್ಲವೇ ಎವಿ ತಂತಿ ಹೊರತೆಗೆದು ಮಾರ್ಪಡಿಸಿದ್ದನ್ನು ಕೊಳ್ಳಿ.

ಆ ಅಕ್ಷರ ಕಲಿಯೂದು ಬಾಳ ಕಠಿಣೇನು?

ಕನ್ನಡ ಬಲ್ಲವರಿಗೆ ಅಷ್ಟು ಕಠಿಣವಲ್ಲ, ಇದನ್ನು ಧೈರ್ಯವಾಗಿ ಹೇಳಬಹುದು. ಕಾಂಜಿ ಎಂಬ ಚೀನಿ ಮೂಲದ ಅಕ್ಷರಗಳನ್ನು ಸದ್ಯಕ್ಕೆ ಬಿಡಿ. ಉಳಿದವು ಹಿರಗಾನ, ಕತಕಾನ ಎಂಬ ಎರಡು ಮಾಲೆಗಳು, ಒಂದೊಂದರಲ್ಲಿ 46 ಮೂಲಾಕ್ಷರ. ಅವುಗಳ ಕ್ರಮ ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ, ಸ, ತ, ನ, ಹ, ಮ, ಯ, ರ, ವ. ನಮ್ಮ ಕಾಗುಣಿತದಂತೆ ಕೇಳುತ್ತದಲ್ಲವೇ? ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತಾಗ ವರ್ಣಮಾಲೆಯ ಈ ಕ್ರಮ ಜಪಾನಿಗೆ ಹೋಯಿತು. ಆಟದಲ್ಲಿ ಹೆಸರು ಬರೆಯುವ ಪರದೆಯಲ್ಲಿ ಕಾಣುವುದು ಇದೇ ಕೋಷ್ಟಕ. ಕ್ರಮ ಗೊತ್ತಿದ್ದರೆ ಅಕ್ಷರ ಗೊತ್ತಿಲ್ಲದಿದ್ದರೂ 'ಮ' ಸಾಲು ಎಲ್ಲಿದೆ ಎಂದು ಹುಡುಕಬಹುದು.

ಇನ್ನೂ ಹೋಲಿಕೆಗಳಿವೆ. ಅಕ್ಷರದ ಮುಂದಿನ ಗೆರೆ ನಮ್ಮ ದೀರ್ಘ. ಗಾತ್ರದಲ್ಲಿ ಕಿರಿದಾದ 'ತ್ಸು' ಬಂದರೆ ಮುಂದಿನ ವ್ಯಂಜನಕ್ಕೆ ಒತ್ತು. ತಲೆಯ ಮೇಲೆ ಎರಡು ಚುಕ್ಕೆ ಬಿದ್ದರೆ ಕ ಹೋಗಿ ಗ, ತ ಹೋಗಿ ದ. 'ನ್' ಒಂಟಿಯಾಗಿ ನಿಂತರೆ ನಮ್ಮ ಸೊನ್ನೆಯ ಕೆಲಸ.

ಮೊದಲು ಕತಕಾನ ಕಲಿಯಿರಿ. ಆಟದ ಮೆನುವಿನಲ್ಲಿ ಕತಕಾನದಲ್ಲಿ ಬರೆದಿರುವುದು ಹೆಚ್ಚಾಗಿ ಇಂಗ್ಲಿಷ್ ಪದಗಳೇ. ದಿನಕ್ಕೆ 5 ಅಕ್ಷರವೆಂದರೆ ಹತ್ತು ದಿನ. ನಾವು ಬಸ್ಸನ್ನು 'ಬಸ್ಸು' ಮಾಡಿದ ಹಾಗೆ ಅವರು 'ಬಸು' ಮಾಡಿದ್ದಾರೆ. ಪದದ ಕೊನೆಗೆ ಸ್ವರ ಹಚ್ಚುವ ಅಭ್ಯಾಸ ಎರಡೂ ಕಡೆ ಒಂದೇ. ಅವರಲ್ಲಿ ಲ ಇಲ್ಲ, ಅದರ ಜಾಗಕ್ಕೆ ರ ಬರುತ್ತದೆ. ವ ಬಹಳ ಸಲ ಬ ಆಗುತ್ತದೆ. ಹಾಗಾಗಿ 'ರೆಬೆರು' ಎಂದರೆ ಲೆವೆಲ್, 'ಐತೆಮು' ಐಟಂ, 'ರೋದೊ' ಲೋಡ್, 'ಗೇಮು ಓಬಾ' ಗೇಮ್ ಓವರ್. ಸೇವ್ ಎಂಬುದು 'ಸೇಬು', ಅದನ್ನು ಕನ್ನಡಿಗರು ಮರೆಯುವ ಮಾತೇ ಇಲ್ಲ.

ವಾಕ್ಯವೂ ನಮ್ಮ ಹಾಗೇ. ಕ್ರಿಯಾಪದ ಕೊನೆಗೆ, ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ. 'ಸೇಬು ಶಿಮಾಸು ಕಾ' ಎಂದರೆ 'ಸೇವ್ ಮಾಡುತ್ತೀರಾ'. ನಮ್ಮ 'ಆ' ಇರುವ ಕಡೆ ಅವರ 'ಕಾ'. ಇಂಗ್ಲಿಷ್ ಮೂಲಕ ಜಪಾನಿ ಕಲಿಯುವವರು ತಲೆಕೆಳಗಾಗಿ ಯೋಚಿಸಬೇಕು, ನಾವು ನೆಟ್ಟಗೇ ಯೋಚಿಸಬಹುದು.

ಸೇವ್ ಅಳಿಸಿ ಹೋತ್ರಿ! ಏನ್ ತಪ್ಪಾತು?

ಬಹುಶಃ 'ಯೊರೊಶೀ ದೆಸು ಕಾ' ಎಂಬ ಪ್ರಶ್ನೆಗೆ ಹೌದು ಅಂದಿರಿ. ಅದರ ಅರ್ಥ 'ಆಗಬಹುದೇ?' ಅಷ್ಟೇ. ಉಳಿಸುವಾಗಲೂ ಇದೇ ಪ್ರಶ್ನೆ, ಅಳಿಸುವಾಗಲೂ ಇದೇ. ನೋಡಬೇಕಾದದ್ದು ಅದರ ಹಿಂದಿನ ಮಾತು. 'ಹೊಝೊನ್' ಎಂದರೆ ಉಳಿಸು. 'ಉವಾಗಾಕಿ' ಎಂದರೆ ಹಳೆಯದರ ಮೇಲೆ ಬರೆ. 'ಸಾಕುಜೊ' ಅಥವಾ 'ಕೆಸು' ಎಂದರೆ ಅಳಿಸು. 'ಶೊಕಿಕಾ' ಎಂದರೆ ಎಲ್ಲ ತೊಳೆದು ಹೊಸದು ಮಾಡು. ಇವು ಕಾಂಜಿಯಲ್ಲಿ ಬರುವುದೇ ಹೆಚ್ಚು, ಆದ್ದರಿಂದ ಈ ಪ್ರಶ್ನೆ ಬಂದಾಗಲೆಲ್ಲ ಫೋನ್ ಕ್ಯಾಮೆರಾ ಹಿಡಿಯದೆ ಒತ್ತಬೇಡಿ.

ಉತ್ತರ ಗುರುತಿಸುವುದು ಸುಲಭ. ಹಿರಗಾನದಲ್ಲಿ 'ಹಾಯ್' ಅಂದರೆ ಹೌದು, ಎರಡು ಅಕ್ಷರ. 'ಈಯೆ' ಅಂದರೆ ಅಲ್ಲ, ಮೂರು ಅಕ್ಷರ. ಗಿಡ್ಡದ್ದು ಹೌದು, ಉದ್ದದ್ದು ಅಲ್ಲ.

ಮೊದಲ ಪರದೆಯಲ್ಲೂ ಅಪಾಯವಿದೆ. 'ಹಾಜಿಮೆ ಕಾರಾ' ಎಂದರೆ ಮೊದಲಿನಿಂದ, 'ತ್ಸುಝುಕಿ ಕಾರಾ' ಎಂದರೆ ಬಿಟ್ಟಲ್ಲಿಂದ. ಎರಡರ ಬಾಲವೂ ಒಂದೇ, 'ಕಾರಾ' ನಮ್ಮ 'ಇಂದ'. ತ್ಸುಝುಕಿಯಲ್ಲಿ ಕೊಕ್ಕೆಯಂಥ ಒಂದೇ ಅಕ್ಷರ ಜೋಡಿಯಾಗಿ ಬರುತ್ತದೆ, ಎರಡನೆಯದಕ್ಕೆ ಚುಕ್ಕೆ. ಆ ಜೋಡಿಕೊಕ್ಕೆ ಕಂಡಲ್ಲಿ ನಿಮ್ಮ ಹಳೆಯ ಆಟವಿದೆ.

ಹೊಸ ಆಟ ಬಂದ ದಿನ ಹೀಗೆ ಮಾಡಿ: ಹತ್ತು ನಿಮಿಷ ಆಡಿ, ಸೇವ್ ಮಾಡಿ, ಪೂರ್ತಿ ಆರಿಸಿ, ಮತ್ತೆ ಹಚ್ಚಿ ಅಲ್ಲಿಂದಲೇ ತೆರೆಯಿರಿ. ಇದು ಆಗುವವರೆಗೆ ಮುಂದೆ ಹೋಗಬೇಡಿ. ಕರೆಂಟು ಹೋಗಿಬರುವ ಮಳೆಗಾಲದ ಸಂಜೆ ಸೇವ್ ಆಗುವ ಹೊತ್ತಿಗೆ ಬೆಳಕು ಹೋದರೆ ಕಡತ ಕೆಡುತ್ತದೆ. ಸಣ್ಣ ಯುಪಿಎಸ್‌ಗೆ ಹಚ್ಚಿ, ಎರಡು ಜಾಗದಲ್ಲಿ ಸೇವ್ ಇಡಿ.

○ ಒತ್ತೂದೋ × ಒತ್ತೂದೋ?

ಪಿಎಸ್4 ತನಕದ ಜಪಾನಿ ಆಟಗಳಲ್ಲಿ ಸಾಮಾನ್ಯವಾಗಿ ○ ಎಂದರೆ ಸರಿ, × ಎಂದರೆ ಬೇಡ. ಅಲ್ಲಿ ಮಾಸ್ತರರು ಸರಿಯುತ್ತರಕ್ಕೆ ಸುತ್ತು ಹಾಕುತ್ತಾರೆ, ತಪ್ಪಿಗೆ ಗುಣಾಕಾರ. ಪಿಎಸ್5ರಿಂದ ಜಪಾನಿನಲ್ಲೂ × ಎಂದರೇ ಸರಿ. ಕೈ ರೂಢಿಯಾಗುವವರೆಗೆ ಅಳಿಸುವ ಮೆನುವಿನ ಹತ್ತಿರ ಹೋಗಬೇಡಿ.

ಫೋನಿನ ಅನುವಾದ ಎಷ್ಟ್ ನಂಬಬಹುದು?

ಮೆನುವಿಗೆ ಸಾಕು, ಕಥೆಗೆ ಅರೆಬರೆ. ಕನ್ನಡಕ್ಕಿಂತ ಇಂಗ್ಲಿಷಿಗೆ ಅನುವಾದಿಸಿದರೆ ಫಲ ಚೆನ್ನಾಗಿರುತ್ತದೆ. ಜಪಾನಿ ಭಾಷೆಯ ಪ್ಯಾಕ್ ಮೊದಲೇ ಇಳಿಸಿಡಿ. ಟಿವಿಗೆ ನೇರ ಹಿಡಿದರೆ ಪರದೆಯ ಗೆರೆಗಳು ಅಡ್ಡ ಬರುತ್ತವೆ. ಸ್ವಿಚ್‌ನಲ್ಲಾದರೆ ಸ್ಕ್ರೀನ್‌ಶಾಟ್ ತೆಗೆದು ಕ್ಯೂಆರ್ ಮೂಲಕ ಫೋನಿಗೆ ಕಳಿಸಿ ಅನುವಾದಿಸಿ, ಫಲಿತಾಂಶ ಬಹಳ ಸುಧಾರಿಸುತ್ತದೆ. ಸೂಪರ್ ಫ್ಯಾಮಿಕಾಮ್ ಕಾಲದ ಚೌಕಚೌಕ ಅಕ್ಷರಗಳಲ್ಲಿ ಕ್ಯಾಮೆರಾ ಎಡವುತ್ತದೆ. ಕತಕಾನದ ಶಿ-ತ್ಸು, ಸೊ-ನ್ ಜೋಡಿಗಳು ಮನುಷ್ಯರಿಗೇ ಕಷ್ಟ. ಅನುವಾದದಲ್ಲಿ ಅರ್ಥವಿಲ್ಲದ ಹೆಸರು ಬಂದರೆ ಈ ಜೋಡಿ ಅದಲುಬದಲಾಗಿದೆ ಎಂದು ಮೊದಲು ಅನುಮಾನಿಸಿ.

ಜಪಾನಿ ಆಟಕ್ಕ ಡಿಎಲ್‌ಸಿ ಹೆಂಗ ತಗೊಳ್ಳೂದು?

ಡಿಸ್ಕು ಯಾವ ದೇಶದ್ದೋ ಡಿಎಲ್‌ಸಿಯೂ, ಅಂದರೆ ಆಟಕ್ಕೆ ಆಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಭಾಗವೂ, ಆ ದೇಶದ ಅಂಗಡಿಯದೇ ಆಗಬೇಕು. ಭಾರತದ ಪಿಎಸ್ ಖಾತೆಯಲ್ಲಿ ಕೊಂಡ ಡಿಎಲ್‌ಸಿ ಜಪಾನಿ ಡಿಸ್ಕಿಗೆ ಕೂಡದು. ಪಿಎಸ್ ಖಾತೆಯ ದೇಶ ಆಮೇಲೆ ಬದಲಿಸಲು ಬರುವುದಿಲ್ಲ, ಎರಡನೆಯ ಖಾತೆಯನ್ನೇ ಮಾಡಬೇಕು. ನಿಂಟೆಂಡೊ ಖಾತೆಯ ದೇಶ ಬದಲಿಸಬಹುದು, ಆದರೆ 2025ರ ಮಾರ್ಚ್ 25ರಿಂದ ನಿಂಟೆಂಡೊದ ಆನ್‌ಲೈನ್ ಅಂಗಡಿಯಾದ ಇಶಾಪ್ ಜಪಾನಿನಲ್ಲಿ ಹೊರದೇಶದ ಕ್ರೆಡಿಟ್ ಕಾರ್ಡು, ಪೇಪಾಲ್ ಒಪ್ಪುತ್ತಿಲ್ಲ. ಯೆನ್ ಮೌಲ್ಯದ ಪ್ರಿಪೇಯ್ಡ್ ಕೋಡ್ ಕೊಳ್ಳಬೇಕು. ಡಿಎಲ್‌ಸಿ ಇಲ್ಲದೆ ಅಪೂರ್ಣವೆನಿಸುವ ಆಟವಾದರೆ ಈ ತಾಪತ್ರಯ ಲೆಕ್ಕ ಹಾಕಿಯೇ ತರಿಸಿ.

ಹಳೇ ಕ್ಯಾಸೆಟ್‌ನ್ಯಾಗ ಸೇವ್ ಉಳೀವಲ್ದು, ಬ್ಯಾಟರಿ ಹಾಕಸ್ಬಹುದೇನು?

ಬಹುದು. ಸೂಪರ್ ಫ್ಯಾಮಿಕಾಮ್‌ನ ಸೇವ್ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಇರುತ್ತದೆ. ಗೇಮ್ ಬಾಯ್‌ನಲ್ಲಿ ಬೇರೆ ಬೇರೆ ಅಳತೆ, ತೆರೆದು ಸೆಲ್ಲಿನ ಮೇಲಿನ ನಂಬರ್ ಓದಿ. ಸ್ಕ್ರೂ ಬಿಚ್ಚಲು 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು. ಹೊಸ ಸೆಲ್ 3 ವೋಲ್ಟ್ ತೋರಿಸಬೇಕು, ಹಳೆಯದು 2.5ಕ್ಕಿಂತ ಕೆಳಗಿದ್ದರೆ ಬದಲಿಸಿ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಸುತ್ತಿನ ಮೊಬೈಲ್ ರಿಪೇರಿಯವರಲ್ಲಿ ಬೆಸುಗೆ ಕೈ ಪಳಗಿದವರಿದ್ದಾರೆ. ಒಂದು ಮಾತು ಮೊದಲೇ ಹೇಳಿ: ಕಾಲು ಅಂಟಿಸಿಯೇ ಬರುವ, ಅಂದರೆ ಟ್ಯಾಬ್ ಇರುವ ಸೆಲ್ಲನ್ನೇ ಹಾಕಬೇಕು. ಬರಿ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಕಾದು ಸೋರುತ್ತದೆ, ಸಿಡಿಯಲೂಬಹುದು. ಹಳೆಯ ಸೆಲ್ ತೆಗೆದ ಕ್ಷಣ ಒಳಗಿನ ಸೇವ್ ಹೋಗುತ್ತದೆ.

ಗೇಮ್ ಬಾಯ್ ಅಡ್ವಾನ್ಸ್‌ನ ಕ್ಯಾಸೆಟ್ ಅಗ್ಗಕ್ಕೆ ಸಿಕ್ಕರೆ ನಕಲಿಯೇ ಎಂದು ನೋಡಿ. ಅಸಲಿಯ ಮುಂದಿನ ಚೀಟಿಯಲ್ಲಿ ಎರಡಂಕಿಯ ಸಂಖ್ಯೆಯೊಂದನ್ನು ಒತ್ತಿ ಅಚ್ಚು ಮೂಡಿಸಿರುತ್ತಾರೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ.

ಮಳಿಗಾಲದಾಗ ಹೆಂಗ ಇಟ್ಕೊಳ್ಳೂದು?

ಧಾರವಾಡದ ಜಿಟಿಜಿಟಿ ಮಳೆಗೆ ಪುಸ್ತಿಕೆಗೆ ಬೂಷ್ಟು, ಕ್ಯಾಸೆಟ್ಟಿನ ಹಲ್ಲುಗಳಿಗೆ ಕಿಲುಬು. ಗದಗ, ನವಲಗುಂದದ ಕಡೆ ಬೇಸಗೆಯ ಎರೆಮಣ್ಣಿನ ಧೂಳು. ಎರಡಕ್ಕೂ ಮದ್ದು ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಕ್ಯಾಸೆಟ್ ನಡೆಯದಿದ್ದರೆ ಬಾಯಿಯಿಂದ ಊದಬೇಡಿ, ಉಗುಳಿನ ತೇವ ಕಿಲುಬು ಹಿಡಿಸುತ್ತದೆ. ಹತ್ತಿಕಡ್ಡಿಗೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಲ್ಲುಗಳ ಉದ್ದಕ್ಕೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಹೊಸ ಕಡ್ಡಿ ತೆಗೆದುಕೊಳ್ಳಿ, ಐದು ನಿಮಿಷ ಆರಲು ಬಿಟ್ಟು ಮಷಿನ್‌ಗೆ ಹಾಕಿ.